ಬೇಡ ಎಂದವರ ಜೊತೆ ನಾವು ಹೇಗಿರುತ್ತೇವೆ

ನನ್ನನ್ನು ಕರೆದವರು ವಿಷಯ ಕೊಡುವಾಗಲೇ ಒಂದು ಷರತ್ತು ಹಾಕಿದರು. "ಸುವಾರ್ತೆ ಹೇಳುವುದು ಹೇಗೆ ಅಂತ ಬಹಳ ಜನ ಬಂದು ಹೇಳಿಕೊಟ್ಟು ಹೋಗಿದ್ದಾರೆ. ಹೇಳಿದ ಮೇಲೆ ಎದುರಿನವರು ಮುಖ ತಿರುಗಿಸಿದರೆ ಏನು ಮಾಡಬೇಕು ಅಂತ ಯಾರೂ ಹೇಳಿಲ್ಲ. ನೀವು ಅದನ್ನು ಮಾತ್ರ ಹೇಳಿ." ಹಾಗಾಗಿ ಇವತ್ತು ಹೇಳುವ ವಿಧಾನಗಳ ಸುದ್ದಿಗೆ ಹೋಗುವುದಿಲ್ಲ. ಹೇಳಿಯಾಗಿದೆ, ಉತ್ತರ ಬಂದಿದೆ ಅಥವಾ ಬಂದಿಲ್ಲ. ಅಲ್ಲಿಂದ ಶುರುಮಾಡೋಣ.

ಬೈಬಲಿನಲ್ಲಿ ಲೂಕ ಬರೆದ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದ ಕೊನೆಯ ಮೂರು ವಚನಗಳನ್ನು ನೋಡಿ. ಊರೂರಿಗೆ ಹೋಗಿ ಸುವಾರ್ತೆ ಸಾರುತ್ತಿದ್ದ ಪೌಲ ಗ್ರೀಸಿನ ಅಥೇನೆಯಲ್ಲಿದ್ದಾನೆ. ಎಪಿಕೂರಿಯರು, ಸ್ತೋಯಿಕರು ಎಂಬ ಎರಡು ಪಂಥದ ತತ್ವಜ್ಞಾನಿಗಳು, ಹೊಸ ಸಂಗತಿ ಏನಿದೆ ಅಂತ ಕೇಳುವುದರಲ್ಲೇ ಹೊತ್ತು ಕಳೆಯುವ ಜನ, ಎಲ್ಲರೂ ಕೂತಿದ್ದಾರೆ. ಅವರದೇ ಬಲಿಪೀಠದಿಂದ ಮಾತು ಎತ್ತುತ್ತಾನೆ, ಅವರದೇ ಕವಿಗಳ ಸಾಲು ಹೇಳುತ್ತಾನೆ, ಕೊನೆಗೆ ಸತ್ತವರು ಎದ್ದುಬರುವ ವಿಷಯಕ್ಕೆ ಬರುತ್ತಾನೆ. ಆಗ ಕೆಲವರು ನಕ್ಕರು. ಕೆಲವರು "ಈ ವಿಷಯ ಇನ್ನೊಂದು ಸಲ ಕೇಳುತ್ತೇವೆ" ಅಂದರು. ಕೆಲವರು ಅವನ ಜೊತೆ ಸೇರಿಕೊಂಡು ನಂಬಿದರು. ನಂಬಿದವರಲ್ಲಿ ಲೂಕ ಎರಡು ಹೆಸರು ಕೊಡುತ್ತಾನೆ: ಅರಿಯೊಪಾಗ ಎಂಬ ಊರ ಹಿರಿಯರ ಸಭೆಯವನಾದ ದಿಯೊನುಸಿಯ, ದಾಮರಿ ಎಂಬ ಹೆಂಗಸು. ಯಾವ ಗುಂಪು ದೊಡ್ಡದು ಅಂತ ಬರೆದಿಲ್ಲ.

ಪೌಲ ಅಥೇನೆಯಲ್ಲಿ ಸೋತ, ತತ್ವಜ್ಞಾನ ಬೆರೆಸಿದ್ದರಿಂದ ಸೋತ, ಕೊರಿಂಥಕ್ಕೆ ಹೋಗಿ ದಾರಿ ಬದಲಾಯಿಸಿಕೊಂಡ ಅಂತ ಬೋಧಿಸುವವರನ್ನು ನೀವೂ ಕೇಳಿರಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಮುಂದಿನ ಅಧ್ಯಾಯ ಓದಿ. ಕೊರಿಂಥದಲ್ಲೂ ಎದುರುನಿಂತು ಬೈದರು, ಅಲ್ಲೂ ಬಟ್ಟೆ ಝಾಡಿಸಿಕೊಂಡು ಸಭಾಮಂದಿರದ ಪಕ್ಕದ ಮನೆಗೆ ಹೋದ, ಅಲ್ಲೂ ಹಲವರು ನಂಬಿದರು. ಊರು ಬದಲಾದರೂ ಫಲಿತಾಂಶ ಮಿಶ್ರವೇ.

ನನ್ನ ಕಣ್ಣು ನಿಲ್ಲುವುದು 33ನೇ ವಚನದ ಮೇಲೆ. ನಕ್ಕವರಿಗೆ ಪೌಲ ಕೊಟ್ಟ ಉತ್ತರ ಏನು? ಏನೂ ಇಲ್ಲ. ಅವರ ಮಧ್ಯದಿಂದ ಹೊರಟುಹೋದ, ಅಷ್ಟೇ. ಪೌಲನಿಗೆ ಮಾತು ಬರುತ್ತಿರಲಿಲ್ಲವೇ? ಗಲಾತ್ಯದವರಿಗೆ ಬರೆದ ಪತ್ರ ಓದಿದವರಿಗೆ ಗೊತ್ತು, ಆ ಮನುಷ್ಯನ ನಾಲಿಗೆ ಎಷ್ಟು ಹರಿತ ಅಂತ. ಆದರೂ ಕೊನೆಯ ಮಾತು ತನ್ನದೇ ಆಗಬೇಕು ಅಂತ ಹಟ ಹಿಡಿಯಲಿಲ್ಲ. ನಮಗೆ ಇದು ಕಷ್ಟ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ಬೈಬಲ್ ಬಗ್ಗೆ ಕುಹಕ ಮಾಡಿದರೆ ರಾತ್ರಿ ಹನ್ನೆರಡು ದಾಟಿದರೂ ನಾವು ಟೈಪ್ ಮಾಡುತ್ತಲೇ ಇರುತ್ತೇವೆ. ಬೆಳಗ್ಗೆ ಎದ್ದು ನೋಡಿದರೆ ಇಪ್ಪತ್ತು ಸಂದೇಶ ನಮ್ಮದೇ, ಉಳಿದವರು ಮಲಗಿಬಿಟ್ಟಿದ್ದಾರೆ. (ನಗುತ್ತಿರುವವರು ಯಾರು ಅಂತ ನಾನು ನೋಡುತ್ತಿಲ್ಲ.)

ಈಗ ಲೂಕನ ಸುವಾರ್ತೆ 9ನೇ ಅಧ್ಯಾಯಕ್ಕೆ ಬನ್ನಿ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ನನ್ನ ಇವತ್ತಿನ ಮಾತಿನ ತಿರುಳೆಲ್ಲ ಇಲ್ಲೇ ಇದೆ.

ಯೇಸು ಸ್ವಾಮಿ ಯೆರೂಸಲೇಮಿನ ಕಡೆ ಹೊರಟಿದ್ದಾರೆ. ದಾರಿಯಲ್ಲಿ ಸಮಾರ್ಯದವರ ಒಂದು ಹಳ್ಳಿ. ಇಳಿದುಕೊಳ್ಳಲು ಜಾಗ ನೋಡುವುದಕ್ಕೆ ಮುಂದಾಗಿ ಜನರನ್ನು ಕಳುಹಿಸುತ್ತಾರೆ. ಹಳ್ಳಿಯವರು ಸೇರಿಸಲಿಲ್ಲ. ಕಾರಣವನ್ನು ಲೂಕ ಸ್ಪಷ್ಟವಾಗಿ ಕೊಡುತ್ತಾನೆ: ಇವರು ಯೆರೂಸಲೇಮಿಗೆ ಹೊರಟವರು ಅಂತ. ಗಮನಿಸಿ, ಅವರು ಬೋಧನೆ ಕೇಳಿ ತಿರಸ್ಕರಿಸಿದ್ದಲ್ಲ. ಬೋಧನೆ ಅಲ್ಲಿಯವರೆಗೆ ಹೋಗಲೇ ಇಲ್ಲ. ಯೆಹೂದ್ಯರಿಗೂ ಸಮಾರ್ಯದವರಿಗೂ ತಲೆತಲಾಂತರದಿಂದ ಆಗಿಬರುತ್ತಿರಲಿಲ್ಲ, ಆ ಬಾಗಿಲು ಮುಚ್ಚಿಕೊಂಡಿದ್ದು ಆ ಹಳೆಯ ನೋವಿನಿಂದ. ನಿಮಗೆ ಬರುವ ಎಷ್ಟೋ "ಬೇಡ"ಗಳೂ ಹೀಗೇ. ನಿಮ್ಮ ಮುಂದೆ ನಿಂತವರಿಗೆ ಹಿಂದೆ ಯಾವನೋ ಒಬ್ಬ ಕ್ರೈಸ್ತ ಸಾಲ ತಗೊಂಡು ಕೈ ಎತ್ತಿರಬಹುದು. ಅವರ ದುಃಖದ ಮನೆಯಲ್ಲಿ ಯಾರೋ ಬಂದು "ನೀವು ನಂಬಿದ್ದರೆ ಹೀಗಾಗುತ್ತಿರಲಿಲ್ಲ" ಅಂದು ಹೋಗಿರಬಹುದು. ಬಾಗಿಲು ತಟ್ಟಿದವರು ನೀವು, ಉತ್ತರ ಹೋಗುತ್ತಿರುವುದು ಇನ್ಯಾರಿಗೋ.

ಜೊತೆಯಲ್ಲಿದ್ದ ಶಿಷ್ಯರಾದ ಯಾಕೋಬ ಮತ್ತು ಯೋಹಾನನಿಗೆ ಇದ್ಯಾವುದೂ ಬೇಕಿಲ್ಲ. "ಕರ್ತನೇ, ಆಕಾಶದಿಂದ ಬೆಂಕಿ ಬಿದ್ದು ಇವರು ಸುಟ್ಟುಹೋಗಲಿ ಅಂತ ನಾವು ಹೇಳೋಣವೇ?" ಅನ್ನುತ್ತಾರೆ. ಹಳ್ಳಿಗೆ ಹಳ್ಳಿಯೇ ಉರಿದುಹೋಗಲಿ, ಒಂದು ರಾತ್ರಿ ಮಲಗಲು ಜಾಗ ಕೊಡದ ತಪ್ಪಿಗೆ! ಮತ್ತೆ ಇದು ಅವರಿಗೆ ಭಕ್ತಿಯಂತೆಯೇ ಕಂಡಿತ್ತು. ಪ್ರವಾದಿ ಎಲೀಯ ಹಿಂದೆ ಆಕಾಶದಿಂದ ಬೆಂಕಿ ತರಿಸಿದ್ದ ಕಥೆ ಅವರಿಗೆ ಬಾಯಿಪಾಠ. ಯೇಸು ಸ್ವಾಮಿ ತಿರುಗಿ ಅವರನ್ನು ಗದರಿಸಿದರು. ಗದರಿಕೆ ಬಿದ್ದಿದ್ದು ಬೇಡ ಅಂದವರಿಗಲ್ಲ, ಜೊತೆಯಲ್ಲೇ ಇದ್ದವರಿಗೆ. ಆಮೇಲೆ ಎಲ್ಲರೂ ಬೇರೊಂದು ಹಳ್ಳಿಗೆ ಹೋದರು.

ಸಾಮಾನ್ಯವಾಗಿ ಪ್ರಸಂಗ ಇಲ್ಲಿಗೆ ಮುಗಿಯುತ್ತದೆ. ನೀವು ಪುಟ ತಿರುಗಿಸಿ. 10ನೇ ಅಧ್ಯಾಯದಲ್ಲಿ ಒಬ್ಬ ಧರ್ಮೋಪದೇಶಕ "ನನ್ನ ನೆರೆಯವನು ಯಾರು?" ಅಂತ ಕೇಳುತ್ತಾನೆ. ಯೇಸು ಸ್ವಾಮಿ ಒಂದು ಸಾಮ್ಯ ಹೇಳುತ್ತಾರೆ. ದಾರಿಯಲ್ಲಿ ಹೊಡೆತ ತಿಂದು ಬಿದ್ದವನನ್ನು ಯಾಜಕ ದಾಟಿಹೋದ, ದೇವಾಲಯದ ಸೇವೆಯವನಾದ ಲೇವಿಯ ದಾಟಿಹೋದ, ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದವನು ಯಾರು? ಸಮಾರ್ಯದವನು! ಹಿಂದಿನ ಅಧ್ಯಾಯದಲ್ಲಷ್ಟೇ ಬಾಗಿಲು ಹಾಕಿಕೊಂಡ ಜನ. ಅವರಲ್ಲಿ ಒಬ್ಬನನ್ನೇ ತಮ್ಮ ಅತ್ಯಂತ ಸುಂದರವಾದ ಕಥೆಯ ನಾಯಕನನ್ನಾಗಿ ಮಾಡುತ್ತಾರೆ. ಮತ್ತೆ 17ನೇ ಅಧ್ಯಾಯ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ, ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ. ಅವನೂ ಸಮಾರ್ಯದವನು. ಯೇಸು ಸ್ವಾಮಿ ಎಲ್ಲರ ಮುಂದೆ ಅದನ್ನು ಎತ್ತಿ ಹೇಳುತ್ತಾರೆ.

ನಾನು ಕೇಳುವುದು ಇದು. ಯಾರಾದರೂ ನಿಮ್ಮ ಮಾತನ್ನು ಬೇಡ ಅಂದ ಮೇಲೆ, ಅವರಿಲ್ಲದ ಕಡೆ ಅವರ ಬಗ್ಗೆ ನೀವು ಹೇಗೆ ಮಾತಾಡುತ್ತೀರಿ? ಪ್ರಾರ್ಥನಾ ಕೂಟದಲ್ಲಿ "ಆ ಮನೆಯವರ ಹೃದಯ ಕಲ್ಲು, ಕರ್ತನು ಪಾಠ ಕಲಿಸಲಿ" ಅಂತ ಬೇಡಿಕೊಳ್ಳುತ್ತೇವೆ. ಯಾಕೋಬ ಯೋಹಾನರ ಬೆಂಕಿಯೇ ಅದು, ಕಣ್ಣು ಮುಚ್ಚಿಕೊಂಡು ಕೇಳುತ್ತೇವೆ ಅಷ್ಟೇ ವ್ಯತ್ಯಾಸ. ಆ ಮನೆಗೆ ಏನಾದರೂ ಕಷ್ಟ ಬಂದಾಗ ನಮ್ಮೊಳಗೆ ಒಂದು ಸಣ್ಣ ಸಮಾಧಾನ ಆಗುತ್ತದಲ್ಲ, "ನೋಡಿ, ನಾವು ಹೇಳಿದ್ದೆವು" ಅಂತ, ಅದನ್ನು ಹಿಡಿದು ನೋಡಿಕೊಳ್ಳಿ. ಸುವಾರ್ತೆ ಹಂಚುವುದರಲ್ಲಿ ನಾವು ಎಷ್ಟು ಪ್ರಾಮಾಣಿಕರು ಅನ್ನುವುದು ಒಪ್ಪಿದವರ ಜೊತೆ ಹೇಗಿದ್ದೇವೆ ಅನ್ನುವುದರಲ್ಲಿ ಕಾಣುವುದಿಲ್ಲ. ಒಪ್ಪಿದವರ ಜೊತೆ ಯಾರು ಬೇಕಾದರೂ ಚೆನ್ನಾಗಿರುತ್ತಾರೆ.

ಆ ಯೋಹಾನನ ಕಥೆ ಇನ್ನೂ ಸ್ವಲ್ಪ ಇದೆ. ಕೃತ್ಯಗಳ 8ನೇ ಅಧ್ಯಾಯದಲ್ಲಿ ಸಮಾರ್ಯದವರು ವಾಕ್ಯವನ್ನು ಸ್ವೀಕರಿಸಿದ ಸುದ್ದಿ ಬಂದಾಗ ಯೆರೂಸಲೇಮಿನ ಸಭೆ ಕಳುಹಿಸಿದ್ದು ಪೇತ್ರನನ್ನು ಮತ್ತು ಇದೇ ಯೋಹಾನನನ್ನು. ಬೆಂಕಿ ಬೀಳಲಿ ಅಂದವನೇ ಹೋಗಿ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಹಿಂದಿರುಗುವಾಗ ಸಮಾರ್ಯದ ಹಲವು ಹಳ್ಳಿಗಳಲ್ಲಿ ಸುವಾರ್ತೆ ಸಾರುತ್ತಾ ಬಂದ. ಅದೇ ಹಳ್ಳಿಗೆ ಹೋದನೇ? ಬರೆದಿಲ್ಲ. ಸೀಮೆ ಮಾತ್ರ ಅದೇ.

ತಿರಸ್ಕಾರದ ಬಗ್ಗೆ ಇಷ್ಟೊಂದು ಹೇಳಿದ ಮೇಲೆ ಹೊಗಳಿಕೆಯ ಬಗ್ಗೆ ಎರಡು ಮಾತು, ಯಾಕೆಂದರೆ ಅದೂ ಒಂದು ಪ್ರತಿಕ್ರಿಯೆಯೇ. ಲುಸ್ತ್ರ ಎಂಬ ಊರಿನಲ್ಲಿ ಪೌಲನ ಮಾತಿಗೆ ಹುಟ್ಟುಕುಂಟನೊಬ್ಬ ಎದ್ದು ನಡೆದಾಗ ಜನ ಅವನ ಜೊತೆಗಾರ ಬಾರ್ನಬನನ್ನು ಜ್ಯೂಸ್ ದೇವರು, ಪೌಲನನ್ನು ಹರ್ಮೆ ದೇವರು ಅಂತ ಕರೆದು ಎತ್ತು, ಹೂವಿನ ಹಾರ ತಂದರು. ಇವರು ಬಟ್ಟೆ ಹರಿದುಕೊಂಡು ಅದನ್ನು ತಡೆಯುವಷ್ಟರಲ್ಲಿ ಸಾಕುಬೇಕಾಯಿತು. ಆಮೇಲೆ ಹೊರಗಿನಿಂದ ಕೆಲವರು ಬಂದು ಕಿವಿಯೂದಿದರು. ಹಾರ ಹಿಡಿದು ನಿಂತಿದ್ದ ಅದೇ ಊರಿನಲ್ಲಿ ಪೌಲನ ಮೇಲೆ ಕಲ್ಲು ಬಿತ್ತು, ಸತ್ತ ಅಂದುಕೊಂಡು ಊರ ಹೊರಗೆ ಎಳೆದುಹಾಕಿದರು. ಹಾರಕ್ಕೆ ಹಿಗ್ಗಿದ್ದವನು ಕಲ್ಲಿಗೆ ಕುಗ್ಗಿಯೇ ಕುಗ್ಗುತ್ತಾನೆ. ಪೌಲ ಹಿಗ್ಗಿರಲಿಲ್ಲ. ಎದ್ದು ಅದೇ ಊರೊಳಗೆ ಹೋದ, ಮರುದಿನ ದೆರ್ಬೆಗೆ ಹೊರಟ, ಸ್ವಲ್ಪ ಕಾಲದ ಮೇಲೆ ಲುಸ್ತ್ರಕ್ಕೇ ವಾಪಸ್ಸು ಬಂದ. ಮುಂದಿನ ಪ್ರಯಾಣದಲ್ಲಿ ಅವನ ಆಪ್ತ ಜೊತೆಗಾರನಾದ ತಿಮೊಥೆಯ ಸಿಕ್ಕಿದ್ದು ಆ ಕಡೆಯಲ್ಲೇ.

ನಗೆಪಾಟಲಾಗುವುದು ಹೇಗಿರುತ್ತದೆ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸುವ ಒಂದು ವಸ್ತು ರೋಮಿನಲ್ಲಿದೆ. ಪಲಟೈನ್ ಬೆಟ್ಟದ ಒಂದು ಹಳೆಯ ಕಟ್ಟಡದ ಗಾರೆಯ ಮೇಲೆ ಯಾರೋ ಮೊಳೆಯಂಥದ್ದರಿಂದ ಗೀಚಿದ ಚಿತ್ರ. 1857ರಲ್ಲಿ ಬೆಳಕಿಗೆ ಬಂತು. ಸುಮಾರು ಕ್ರಿ.ಶ. 200ರ ಆಸುಪಾಸಿನದು ಅಂತ ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಶಿಲುಬೆಯ ಮೇಲೆ ಕತ್ತೆಯ ತಲೆಯಿರುವ ಒಬ್ಬ ಮನುಷ್ಯ, ಕೆಳಗೆ ಕೈ ಎತ್ತಿ ನಿಂತ ಒಬ್ಬ ಯುವಕ, ಪಕ್ಕದಲ್ಲಿ ಒಡ್ಡೊಡ್ಡಾದ ಗ್ರೀಕ್ ಅಕ್ಷರಗಳಲ್ಲಿ: "ಅಲೆಕ್ಸಮೆನೊಸ್ ದೇವರನ್ನು ಪೂಜಿಸುತ್ತಾನೆ." ಜೊತೆಯವನನ್ನು ಗೇಲಿ ಮಾಡಲು ಯಾರೋ ಬಿಡುವಿನಲ್ಲಿ ಗೀಚಿದ್ದು. ಶಿಲುಬೆಗೇರಿಸಿದ ಕ್ರಿಸ್ತನ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೂ ಒಂದು, ಭಕ್ತನ ಕೈಯಿಂದ ಬಂದದ್ದಲ್ಲ! ಇನ್ನೊಂದು ಕೋಣೆಯಲ್ಲಿ ಬೇರೆ ಕೈಬರಹದಲ್ಲಿ ಲ್ಯಾಟಿನ್ ಅಕ್ಷರಗಳಿವೆ, "ಅಲೆಕ್ಸಮೆನೊಸ್ ನಂಬಿಗಸ್ತ" ಅಂತ. ಅದನ್ನು ಅವನೇ ಬರೆದನೋ, ಗೆಳೆಯ ಬರೆದನೋ, ಅದೂ ಗೇಲಿಯೋ, ಯಾರೂ ಖಚಿತವಾಗಿ ಹೇಳಲಾರರು. ಒಂದು ಮಾತ್ರ ಊಹಿಸಬಹುದು. ಗೀಚಿದವನಿಗೆ ಅಲೆಕ್ಸಮೆನೊಸನ ನಂಬಿಕೆ ಏನು ಅಂತ ಗೊತ್ತಿತ್ತು. ಅವನು ಅದನ್ನು ಮುಚ್ಚಿಟ್ಟಿರಲಿಲ್ಲ.

ಇಷ್ಟು ಹೇಳಿ ಈಗ ನಿಮಗೆ ಅಷ್ಟು ಹಿತವಾಗದ ವಿಷಯಕ್ಕೆ ಬರುತ್ತೇನೆ. ಬೇಡ ಅಂದವರೆಲ್ಲ ಕ್ರಿಸ್ತನನ್ನು ಬೇಡ ಅಂದವರಲ್ಲ. ಎಷ್ಟೋ ಸಲ ಅವರು ಬೇಡ ಅಂದದ್ದು ನಮ್ಮನ್ನು. ಒಂದನೇ ಪೇತ್ರ 4ನೇ ಅಧ್ಯಾಯದಲ್ಲಿ ಒಂದು ಪಟ್ಟಿ ಬರುತ್ತದೆ. ನೀವು ಕಷ್ಟಪಟ್ಟರೆ ಕ್ರೈಸ್ತರಾಗಿ ಕಷ್ಟಪಡಿ, ಆದರೆ ಕೊಲೆಗಾರ, ಕಳ್ಳ, ದುಷ್ಟ, ಮತ್ತೊಬ್ಬರ ವಿಷಯದಲ್ಲಿ ತಲೆಹಾಕುವವನು ಆಗಿ ಕಷ್ಟಪಡಬೇಡಿ ಅಂತ. ಕೊಲೆಗಾರನ ಸಾಲಿನಲ್ಲಿ ತಲೆಹಾಕುವವನನ್ನು ಕೂರಿಸಿದ್ದಾನೆ ಪೇತ್ರ! ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಿ ಕರಪತ್ರ ಕೊಟ್ಟು, ಅವರು ಸಿಡುಕಿದರೆ, ಅದನ್ನು ಹಿಂಸೆಯ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಅದು ನಿದ್ದೆಗೆಟ್ಟ ಸಿಡುಕು. ಇನ್ನೊಬ್ಬರು ಪೂಜಿಸುವುದನ್ನು ಹೀಯಾಳಿಸಿ ಮಾತು ಶುರುಮಾಡಿ, ಏಟು ಬಿದ್ದ ಮೇಲೆ ಸಾಕ್ಷಿ ಹೇಳಿದೆ ಅನ್ನಬೇಡಿ. ಪೇತ್ರ ಅದೇ ಪತ್ರದ 3ನೇ ಅಧ್ಯಾಯದಲ್ಲಿ ಕೊಟ್ಟ ಮಾದರಿ ಬೇರೆ. ನಿಮ್ಮ ನಿರೀಕ್ಷೆಗೆ ಆಧಾರವೇನು ಅಂತ ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ. ಅಲ್ಲಿ ಕೇಳುವವರು ಇದ್ದಾರೆ. ಅವರು ಕೇಳಬೇಕಾದರೆ ಅದಕ್ಕೂ ಮೊದಲು ಏನನ್ನೋ ನೋಡಿರಬೇಕು.

ಏನನ್ನು ನೋಡಿರಬೇಕು? ಇದಕ್ಕೆ ನಮ್ಮವರ ಸಾಕ್ಷಿಗಿಂತ ವಿರೋಧಿಗಳ ಸಾಕ್ಷಿ ನನಗೆ ಹೆಚ್ಚು ಇಷ್ಟ. ಸುಮಾರು ಕ್ರಿ.ಶ. 112ರಲ್ಲಿ ಬಿಥಿನಿಯದ ಅಧಿಪತಿ ಪ್ಲಿನಿ ರೋಮಿನ ಚಕ್ರವರ್ತಿ ಟ್ರಾಜನನಿಗೆ ಕಾಗದ ಬರೆಯುತ್ತಾನೆ. ಬಿಥಿನಿಯ ಈಗಿನ ಟರ್ಕಿಯಲ್ಲಿತ್ತು. ಕ್ರೈಸ್ತರ ವಿಚಾರಣೆ ಹೇಗೆ ಮಾಡಬೇಕು ಅಂತ ಕೇಳಿ ಬರೆದ ಕಾಗದ ಅದು. ಹಟ ಬಿಡದವರನ್ನು ಕೊಲ್ಲಿಸಿದ್ದೇನೆ ಅನ್ನುತ್ತಾನೆ. ಸತ್ಯ ತಿಳಿಯಲು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟೆ ಅನ್ನುತ್ತಾನೆ. ಇಷ್ಟೆಲ್ಲ ಮಾಡಿ ಅವನಿಗೆ ಸಿಕ್ಕಿದ್ದೇನು? ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟದ್ದನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಅಂತ ಪ್ರಮಾಣ ಮಾಡುತ್ತಾರೆ. ಅಷ್ಟೇ ಸಿಕ್ಕಿದ್ದು. ಅದೇ ಕಾಗದದಲ್ಲಿ ನಂಬಿಕೆ ಬಿಟ್ಟುಹೋದವರ ಮಾತೂ ಇದೆ, ಮೂರು ವರ್ಷದ ಹಿಂದೆ ಬಿಟ್ಟವರು, ಇಪ್ಪತ್ತು ವರ್ಷದ ಹಿಂದೆಯೇ ಬಿಟ್ಟವರು. ಆ ಕಾಲದ ಸಭೆ ಎಲ್ಲ ಶುದ್ಧ ಬಂಗಾರ ಅಂತ ನಾವು ಕಲ್ಪಿಸಿಕೊಳ್ಳುವುದು ಬೇಡ.

ಎರಡೂವರೆ ಶತಮಾನ ಮುಂದೆ ಬನ್ನಿ. ರೋಮಿನ ಚಕ್ರವರ್ತಿ ಜೂಲಿಯನ್, ಆಳಿದ್ದು 361ರಿಂದ 363. ಕ್ರೈಸ್ತನಾಗಿ ಬೆಳೆದು ಆ ನಂಬಿಕೆ ಬಿಟ್ಟವನು, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿನಿಲ್ಲಿಸಲು ಹೊರಟವನು. ಗಲಾತ್ಯದಲ್ಲಿ ಆ ದೇವತೆಗಳ ಮಹಾಯಾಜಕನಾಗಿದ್ದವನಿಗೆ ಬರೆದ ಪತ್ರದಲ್ಲಿ ಸಿಟ್ಟಿನಿಂದಲೇ ಒಪ್ಪಿಕೊಳ್ಳುತ್ತಾನೆ: ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ. ಅದಕ್ಕೇ ನೀವೂ ಊರೂರಿಗೆ ತಂಗುದಾಣ ಕಟ್ಟಿ, ಗೋಧಿ ಹಂಚಿ ಅಂತ ಆಜ್ಞೆ ಮಾಡುತ್ತಾನೆ. ಜೂಲಿಯನ್ ಕ್ರಿಸ್ತನ ಕಡೆ ತಿರುಗಲಿಲ್ಲ. ಆದರೆ ಅವನ ಆಜ್ಞೆಯಿಂದ ಯಾವ ಹಸಿದವನಿಗೆ ಗೋಧಿ ಸಿಕ್ಕಿತೋ ಅವನಿಗೆ ಸಿಕ್ಕಿತು. ಇದನ್ನು ನಮ್ಮ ಸೇವಾ ವರದಿಯ ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

"ನಮ್ಮ ಬಡವರನ್ನೂ" ಅನ್ನುವ ಆ ಮಾತಿನಲ್ಲಿ ಎಲ್ಲ ಇದೆ. ಸಹಾಯ ಪಡೆದವರು ನಂಬಿದರೆ ಮಾತ್ರ ಮುಂದಿನ ತಿಂಗಳ ಅಕ್ಕಿ, ಸಭೆಗೆ ಬಂದರೆ ಮಾತ್ರ ಮಗುವಿನ ಫೀಸು ಅಂತಿದ್ದಿದ್ದರೆ ಜೂಲಿಯನ್‌ಗೆ ಹೊಟ್ಟೆಯುರಿ ಆಗುತ್ತಿರಲಿಲ್ಲ, ಅವನು ಅದನ್ನು ವ್ಯಾಪಾರ ಅಂತ ಸುಲಭವಾಗಿ ತಳ್ಳಿಹಾಕುತ್ತಿದ್ದ. ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಂಬತ್ತು ಮಂದಿ ತಿರುಗಿ ಬರಲಿಲ್ಲ. ಅವರೆಲ್ಲಿ ಅಂತ ಯೇಸು ಸ್ವಾಮಿ ಕೇಳಿದ್ದು ನಿಜ, ಆ ಪ್ರಶ್ನೆಯಲ್ಲಿ ನೋವಿದೆ. ಹಾಗಂತ ಅವರ ಮೈಮೇಲೆ ಕುಷ್ಠ ವಾಪಸ್ಸು ಬರಲಿಲ್ಲ. ಕೊಟ್ಟದ್ದು ಕೊಟ್ಟದ್ದೇ. ಆಮಿಷ ಒಡ್ಡಿ ತಂದ ನಂಬಿಕೆಗೆ ನಮ್ಮಲ್ಲೇ ಯಾರೂ ಬೆಲೆ ಕೊಡುವುದಿಲ್ಲ, ದೇವರು ಕೊಡುತ್ತಾನೆ ಅಂತ ಯಾಕೆ ಅಂದುಕೊಳ್ಳಬೇಕು?

ನನಗೆ ಗೊತ್ತಿರುವ ಒಬ್ಬ ಸಹೋದರಿ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ಒಂದು ಬಿಲ್ಲಿಗೆ ಹಿಂದಿನ ತಿಂಗಳ ತಾರೀಖು ಹಾಕಬೇಕು ಅಂತ ಮೇಲಿನವರು ಹೇಳಿದರು. "ತಾರೀಖು ನಾನು ಬದಲಾಯಿಸಲ್ಲ ಸಾರ್" ಅಂದರು, ಅಷ್ಟೇ. ಬೈಬಲ್ ವಚನ ಹೇಳಲಿಲ್ಲ, ಧ್ವನಿ ಎತ್ತಲಿಲ್ಲ. ಅದಕ್ಕೆ ಬಂದ ಪ್ರತಿಕ್ರಿಯೆ ನೋಡಿ. ಪಕ್ಕದ ಮೇಜಿನವನು "ಬಂದರಪ್ಪ ಸತ್ಯ ಹರಿಶ್ಚಂದ್ರನ ಮನೆಯವರು" ಅಂದ. ಇನ್ನೊಬ್ಬಾಕೆ ಮಧ್ಯಾಹ್ನ ಊಟಕ್ಕೆ ಕೂತಾಗ ಮೆಲ್ಲಗೆ "ನಿಮಗೆ ಭಯ ಆಗಲಿಲ್ವಾ?" ಅಂತ ಕೇಳಿದಳು. ಮೇಲಿನವರು ನಗದು ಪೆಟ್ಟಿಗೆಯ ಬೀಗದಕೈ ಇವರ ಕೈಗೆ ಕೊಟ್ಟರು, ಬಡ್ತಿ ಬೇರೆಯವರಿಗೆ ಕೊಟ್ಟರು! ಒಂದೇ ಕೆಲಸಕ್ಕೆ ಮೂರು ಥರದ ಉತ್ತರ. ನನಗೆ ಮುಖ್ಯ ಅನಿಸಿದ್ದು ಆಮೇಲಿನದು. ತಿಂಗಳ ಕೊನೆಯಲ್ಲಿ ಆ ಪಕ್ಕದ ಮೇಜಿನವನ ಮಗುವಿಗೆ ಜ್ವರ ಬಂದು ರಜೆ ಹಾಕಬೇಕಾಯಿತು. ಅವನ ಲೆಕ್ಕವನ್ನೂ ಇವರೇ ಕೂತು ಮುಗಿಸಿಕೊಟ್ಟರು. ಅವನು ಥ್ಯಾಂಕ್ಸ್ ಅಂದ. ಈಗಲೂ ಕಿಚಾಯಿಸುತ್ತಾನಂತೆ.

ಮನೆಯ ವಿಷಯ ಬೇರೆಯೇ. ಹೊರಗಿನವರು ನಮ್ಮ ಭಾನುವಾರ ನೋಡಿದರೆ ಮನೆಯವರು ಸೋಮವಾರ ಬೆಳಗ್ಗೆ ನೋಡುತ್ತಾರೆ. ಯೇಸು ಸ್ವಾಮಿಯ ಸ್ವಂತ ತಮ್ಮಂದಿರೇ ಅವರನ್ನು ನಂಬಿರಲಿಲ್ಲ ಅಂತ ಯೋಹಾನ 7ರಲ್ಲಿದೆ. ಬುದ್ಧಿಭ್ರಮಣೆಯಾಗಿದೆ ಅಂತ ಮನೆಯವರು ಹಿಡಿದು ತರಲು ಹೊರಟದ್ದು ಮಾರ್ಕ 3ರಲ್ಲಿದೆ. ಆ ತಮ್ಮಂದಿರಲ್ಲಿ ಯಾಕೋಬ (ಬೆಂಕಿ ಕೇಳಿದ ಯಾಕೋಬ ಅಲ್ಲ, ಇವನು ಬೇರೆ) ಮುಂದೆ ಯೆರೂಸಲೇಮಿನ ಸಭೆಗೆ ನಾಯಕನಾದ, ಆದರೆ ಪುನರುತ್ಥಾನದ ನಂತರ. ಹಾಗಾಗಿ ಮನೆಯಲ್ಲಿ ಯಾರಾದರೂ ಒಪ್ಪದಿದ್ದರೆ ಅದು ನಿಮ್ಮ ಸಾಕ್ಷಿಯ ದೋಷವೇ ಅಂತ ನಿಮ್ಮ ಮೇಲೆ ಹೊರೆ ಹೊರಿಸುವವರನ್ನು ನಂಬಬೇಡಿ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹೆಂಡತಿಯರು ಮಾತಿಲ್ಲದೆ ನಡತೆಯಿಂದ ಗಂಡಂದಿರನ್ನು ಗೆಲ್ಲಬಹುದು ಅನ್ನುವ ಪೇತ್ರನ ಮಾತನ್ನು ಹಿಡಿದು, ಹೊಡೆಯುವ ಗಂಡನ ಹತ್ತಿರ ಸುಮ್ಮನಿರು ಅಂತ ಬುದ್ಧಿ ಹೇಳುವ ಹಿರಿಯರಿದ್ದಾರೆ. ಪೇತ್ರ ಅದನ್ನು ಹೇಳಿಲ್ಲ. ಏಟು ಬೀಳುವ ಮನೆಯಲ್ಲಿ ಮೊದಲು ಬೇಕಾದ್ದು ರಕ್ಷಣೆ.

ಎಷ್ಟು ಕಾಲ ಕಾಯಬೇಕು ಅಂತ ಕೇಳುತ್ತೀರಿ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರ ನವೆಂಬರಿನಲ್ಲಿ ಬಂಗಾಳಕ್ಕೆ ಬಂದಿಳಿದರು. ಅವರ ಬಳಿ ಕೃಷ್ಣ ಪಾಲ್ ಎಂಬ ಬಡಗಿ ಹಿಂದೂಗಳಲ್ಲಿ ಮೊದಲಿಗನಾಗಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ. ಏಳು ವರ್ಷ. ತಾಳ್ಮೆಗೆ ಉದಾಹರಣೆಯಾಗಿ ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಆ ಏಳು ವರ್ಷದಲ್ಲಿ ಕೇರಿಯ ಹೆಂಡತಿ ಡೊರೊತಿ ಒಬ್ಬ ಮಗನನ್ನು ಕಳೆದುಕೊಂಡರು, ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡರು, ಮತ್ತೆ ಚೇತರಿಸಿಕೊಳ್ಳಲಿಲ್ಲ. 1807ರಲ್ಲಿ ತೀರಿಕೊಂಡರು. ಆಕೆಗೆ ಆ ಪ್ರಯಾಣವೇ ಬೇಡವಾಗಿತ್ತು. ಹೊರಗೆ ಬೇಡ ಅಂದವರ ಬಗ್ಗೆ ಅಷ್ಟು ತಾಳ್ಮೆ ಇರುವ ನಾವು ಮನೆಯೊಳಗಿನಿಂದ ಬರುವ "ಬೇಡ" ಕೇಳಿಸಿಕೊಳ್ಳುತ್ತೇವೆಯೇ? ಸೇವೆಯ ಉತ್ಸಾಹದಲ್ಲಿರುವವರಿಗೆ, ಮುಖ್ಯವಾಗಿ ಗಂಡಸರಿಗೆ, ಈ ಪ್ರಶ್ನೆ.

ಮಾತು ಮುಗಿದ ಮೇಲೆ ಬಂದ ಒಂದು ಪ್ರಶ್ನೆಯನ್ನು ಇಲ್ಲೇ ಸೇರಿಸುತ್ತೇನೆ. ಹಿಂದಿನ ಸಾಲಿನಿಂದ ಒಬ್ಬ ಯುವಕ ಎದ್ದು, "ನನ್ನ ಗೆಳೆಯ 'ಇನ್ನು ಈ ವಿಷಯ ನನ್ನ ಹತ್ತಿರ ಎತ್ತಬೇಡ' ಅಂದುಬಿಟ್ಟ. ಒಂದು ವಾರದಿಂದ ಮಾತಿಲ್ಲ. ಅದರ ಮೇಲೆ ಅವನ ತಂದೆ ಆಸ್ಪತ್ರೆಯಲ್ಲಿದ್ದಾರೆ. ನಾನು ದೂರ ಇರುವುದೇ ಒಳ್ಳೆಯದಾ?" ಅಂತ ಕೇಳಿದ.

ನಾನು ಅವನಿಗೆ ಹೇಳಿದ್ದು: ಅವನು ಒಂದು ವಿಷಯ ಎತ್ತಬೇಡ ಅಂದಿದ್ದಾನೆ, ಮನೆಗೆ ಬರಬೇಡ ಅಂದಿಲ್ಲ. ಆ ವಿಷಯ ಎತ್ತಬೇಡ. ಇವತ್ತು ಸಂಜೆಯೇ ಆಸ್ಪತ್ರೆಗೆ ಹೋಗು. ರಾತ್ರಿ ಕಾಯಲು ಒಬ್ಬರು ಬೇಕಿರಬಹುದು, ಔಷಧಿ ಅಂಗಡಿಗೆ ಓಡಾಡಲು ಬೇಕಿರಬಹುದು, ರಕ್ತ ಬೇಕಿದ್ದರೆ ನಾಲ್ಕು ಜನರಿಗೆ ಫೋನ್ ಮಾಡು. ಹಾಸಿಗೆಯ ಪಕ್ಕ ನಿಂತು "ಪ್ರಾರ್ಥನೆ ಮಾಡಲಾ?" ಅಂತ ಕೇಳಬೇಡ, ಕಷ್ಟದಲ್ಲಿರುವವರಿಗೆ ಅಲ್ಲಿ ಬೇಡ ಅನ್ನಲು ಬಾಯಿ ಬರುವುದಿಲ್ಲ. ಅವರಾಗಿ ಕೇಳಿದರೆ ಮಾಡು, ಚಿಕ್ಕದಾಗಿ ಮಾಡು. ಕೇಳದಿದ್ದರೆ ಬೆಳಗ್ಗೆ ಅವನಿಗೆ ಕಾಫಿ ತಂದುಕೊಟ್ಟು, ಕೆಲಸಕ್ಕೆ ಹೊರಡು.